ಭಾವಿಕೇರಿ ಕಡಲದಾರಿಯ ಹೈಮಾಸ್ಟ್ ದೀಪದವರ ಪ್ರಕಾಶಮಾನ ಸನ್ನಿಧಿಗೆ

ವಿಷಯ: ನಕ್ಷತ್ರಗಳನ್ನು ತಾವು ತಡೆಹಿಡಿದಿರುವ ಬಗ್ಗೆ.
ಉಲ್ಲೇಖ: ಆಕಾಶ.

ಮಾನ್ಯರೇ,

ಸೂರ್ಯ ಮುಳುಗಿದ ಗಳಿಗೆಯಿಂದ ಮತ್ತೆ ಮೂಡುವ ಗಳಿಗೆಯವರೆಗೆ ಕೂರದೆ, ಒರಗದೆ, ತೂಕಡಿಸದೆ, ಚಹಾ ಕುಡಿದು ಬರುತ್ತೇನೆಂದು ಕುರ್ಚಿಯ ಮೇಲೆ ಟವೆಲ್ ಹಾಕಿ ಹೊರಗೆ ಹೋಗದೆ ಕರ್ತವ್ಯ ನಿರ್ವಹಿಸುತ್ತಿರುವ ತಮ್ಮ ಬುಡದ ಸಿಮೆಂಟ್ ಕಟ್ಟೆಗೆ, ಅಂಕೋಲೆಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ಈಚೆಗೆ ನಿವೃತ್ತಳಾದ ಗೋದಾವರಿ ಬೊಮ್ಮಯ್ಯ ನಾಯಕಳು ಕಣ್ಣು ಕಿರಿದಾಗಿಸಿಕೊಂಡು ಮಾಡುವ ನಮಸ್ಕಾರಗಳು. ಕಣ್ಣು ಕಿರಿದಾಗಿಸಿಕೊಂಡದ್ದು ಅಗೌರವದಿಂದಲ್ಲ. ತಮ್ಮನ್ನು ಕಣ್ಣರಳಿಸಿ ನೋಡಿದವರಿಗೆ ಆಮೇಲೆ ಬಹಳ ಹೊತ್ತು ಸ್ವಂತ ಮನೆಯ ಬಾಗಿಲು ಎಲ್ಲಿದೆ ಎಂಬುದೇ ಕಾಣುವುದಿಲ್ಲ.

ಸೇವೆಯಲ್ಲಿದ್ದಷ್ಟು ಕಾಲವೂ ನಾನು ಟೈಪ್ ಮಾಡಿದ್ದು ಬೇರೆಯವರ ದೂರುಗಳನ್ನು. ಚರಂಡಿಯ ಮೇಲಿನ ದೂರು, ಬೇಲಿಯ ಮೇಲಿನ ದೂರು, ಪಕ್ಕದ ಮನೆಯ ಕೋಳಿಯ ಮೇಲಿನ ದೂರು, ಇವನ್ನೆಲ್ಲ ಒಂದು ಒತ್ತಕ್ಷರವೂ ತಪ್ಪದಂತೆ ಅಚ್ಚುಮಾಡಿ ಕಳಿಸಿದ ನನಗೆ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ದೂರೂ ಇಲ್ಲವಲ್ಲ ಎಂಬ ಕೊರಗು ಬೀಳ್ಕೊಡುಗೆಯ ಹಾರ ಹಾಕಿಸಿಕೊಳ್ಳುವಾಗಲೂ ಇತ್ತು. ಆ ಕೊರತೆಯನ್ನು ತಾವು ಉದಾರವಾಗಿ ನೀಗಿಸಿದ್ದೀರಿ. ಆದ್ದರಿಂದ ಮೊದಲು ಕೃತಜ್ಞತೆ, ಆಮೇಲೆ ದೂರು.

ಸಂಗತಿ ಹೀಗೆ. ಕಾರವಾರದಲ್ಲಿ ಮದುವೆಗಳ ಫೋಟೋ ತೆಗೆಯುವ ನನ್ನ ತಂಗಿಯ ಮಗಳು ಪ್ರೇಕ್ಷಾ ಹೊಸ ಕ್ಯಾಮೆರಾ ಕೊಂಡವಳು, ಹಳೆಯದನ್ನು ನನ್ನ ಕೈಗಿಟ್ಟಳು. ನಿವೃತ್ತರಾದವರು ಹೂವು, ಬೆಕ್ಕು, ಮೊಮ್ಮಕ್ಕಳು ಇಂಥವುಗಳ ಫೋಟೋ ತೆಗೆಯುತ್ತಾರೆಂದು ಅವಳ ಎಣಿಕೆ. ಅಷ್ಟಕ್ಕೇ ಬಿಟ್ಟಿದ್ದರೆ ತಮಗೂ ನನಗೂ ಈ ಪತ್ರವ್ಯವಹಾರ ಇರುತ್ತಿರಲಿಲ್ಲ. ಆದರೆ ಹೊರಡುವ ಮುನ್ನ ಅವಳು ಮೊಬೈಲಿನಲ್ಲಿ ಯಾರೋ ತೆಗೆದ ಆಕಾಶಗಂಗೆಯ ಚಿತ್ರ ತೋರಿಸಿದಳು. ಇದು ಯಾವ ದೇಶದ್ದೇ ಎಂದು ಕೇಳಿದ್ದಕ್ಕೆ, "ದೊಡ್ಡಮ್ಮ, ಇದು ನಿಮ್ಮನೆ ಮಾಡಿನ ಮೇಲೇ ಅದೆ. ನೀವು ತಲೆ ಎತ್ತೂದಿಲ್ಲ, ಅಷ್ಟೇ" ಎಂದು ಹೇಳಿ ಸ್ಕೂಟಿ ಹತ್ತಿ ಹೋದಳು. ಅಂದು ಸಂಜೆ ನಾನು ಅಂಗಳಕ್ಕೆ ಬಂದು ತಲೆ ಎತ್ತಿದೆ. ಮಾನ್ಯರೇ, ಮಾಡಿನ ಮೇಲೆ ತಾವಿದ್ದಿರಿ.

ಆರಂಭದ ಸೋಲುಗಳನ್ನೆಲ್ಲ ತಮ್ಮ ಮೇಲೆ ಹೊರಿಸುವಷ್ಟು ಅನ್ಯಾಯಗಾರಳು ನಾನಲ್ಲ. ನನ್ನ ಮೊತ್ತಮೊದಲ ನಕ್ಷತ್ರಚಿತ್ರ ಒಂದು ಅಖಂಡ ಕರಿಯ ಹಾಳೆಯಾಗಿತ್ತು. ಅದರ ಗಾಂಭೀರ್ಯವನ್ನು ನಾನು ಮೆಚ್ಚಿಕೊಳ್ಳುತ್ತಿರುವಾಗಲೇ ನನ್ನ ಯಜಮಾನರಾದ ಬೊಮ್ಮಯ್ಯನವರು ಲೆನ್ಸಿನ ಮುಚ್ಚಳವನ್ನು ಮೆಲ್ಲಗೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಎರಡನೆಯ ಸಲ ಕ್ಯಾಮೆರಾ ತಾನೇ ಫೋಕಸ್ ಮಾಡುತ್ತೇನೆಂದು ಕತ್ತಲಲ್ಲಿ ಗರಗರ ತಡಕಾಡಿ, ಏನೂ ಸಿಕ್ಕದೆ, ಕೊನೆಗೆ ಬೇಲಿಯ ಮೇಲಿನ ಹಾಗಲಬಳ್ಳಿಯನ್ನು ನಕ್ಷತ್ರವೆಂದು ನಿಶ್ಚಯಿಸಿತು. ಫೋಕಸನ್ನು ನಾನೇ ಕೈಯಲ್ಲಿ ತಿರುಗಿಸಲು ಕಲಿತ ಮೇಲೆ ನಕ್ಷತ್ರಗಳು ಬಂದವು, ಆದರೆ ನೆನೆಸಿಟ್ಟ ಸಾಬಕ್ಕಿಯಂತೆ ಉಬ್ಬಿಕೊಂಡು ಬಂದವು. ಶಟರನ್ನು ಇಪ್ಪತ್ತು ಸೆಕೆಂಡು ತೆರೆದಿಟ್ಟರೆ ಕಣ್ಣಿಗೆ ಕಾಣದ ಬೆಳಕೂ ಹನಿಹನಿಯಾಗಿ ಒಳಗೆ ತುಂಬಿಕೊಳ್ಳುತ್ತದೆ ಎಂದು ತಿಳಿದು ಹಿಗ್ಗಿ, ಆ ಇಪ್ಪತ್ತು ಸೆಕೆಂಡೂ ಉಸಿರು ಬಿಗಿಹಿಡಿದು ನಿಂತೆ; ಉಸಿರು ಹಿಡಿಯಬೇಕಾದದ್ದು ನಾನಲ್ಲ, ಅಲುಗಬಾರದ್ದು ಟ್ರೈಪಾಡ್ ಎಂಬುದು ಆಮೇಲೆ ತಿಳಿಯಿತು. ಕಡಲ ಗಾಳಿಯ ಉಪ್ಪಿನ ಪಸೆ ಲೆನ್ಸಿಗೆ ಕೂತಾಗ ಸೆರಗಿನಿಂದ ಒರೆಸಿ ಇಡೀ ಬ್ರಹ್ಮಾಂಡಕ್ಕೆ ತುಪ್ಪ ಸವರಿದಂತೆ ಮಾಡಿದ್ದೂ ನಾನೇ. ಇವು ಯಾವುವೂ ತಮ್ಮ ಅಪರಾಧಗಳಲ್ಲ.

ಆದರೆ ಇವೆಲ್ಲವನ್ನೂ ತಿದ್ದಿಕೊಂಡು, ಟ್ರೈಪಾಡಿಗೆ ಕಲ್ಲಿನ ಚೀಲ ತೂಗುಹಾಕಿ, ಸಾಬಕ್ಕಿಯನ್ನು ಸಾಸಿವೆಯಾಗಿಸಿ, ಹೆಮ್ಮೆಯಿಂದ ಕಡಲತಡಿಗೆ ಬಂದು ಶಟರ್ ಒತ್ತಿದಾಗ ಪರದೆಯ ಮೇಲೆ ಮೂಡಿದ್ದು ಹಾಲು ಹೆಚ್ಚಾದ ಚಹಾದ ಬಣ್ಣದ ಆಕಾಶ. ಅದರ ಕೆಳಗೆ ಬೊಮ್ಮಯ್ಯನವರ ಅಂಗಿಯ ಗುಂಡಿಗಳು, ಒಂದು ಗುಂಡಿ ಇಲ್ಲದಿದ್ದದ್ದು ಸಹ, ಸ್ಫುಟವಾಗಿ ಕಾಣುತ್ತಿದ್ದವು. ಬ್ರಹ್ಮನಿಗೇ ನಾಲ್ಕು ಮುಖವಾದರೆ ತಮಗೆ ಅದಕ್ಕೂ ಹೆಚ್ಚು. ಎಲ್ಲ ಮುಖಗಳೂ ಒಟ್ಟಿಗೆ ಪ್ರಸನ್ನವಾಗಿರುವುದು ತಮ್ಮ ವಿಶೇಷ. ದಾರಿಗೆ ಬೀಳಬೇಕಾದ ಬೆಳಕಿನಲ್ಲಿ ದಾರಿಗಿಷ್ಟು ಕೊಟ್ಟು, ಉಳಿದದ್ದನ್ನು ತೆಂಗಿನ ಗರಿಗಳಿಗೆ, ಮಲಗಿದ ಕಾಗೆಗಳಿಗೆ, ಮೋಡಗಳಿಗೆ, ದೇವಲೋಕದ ಅಡಿಪಾಯಕ್ಕೆ ಹಂಚುವ ತಮ್ಮ ದಾನಶೀಲತೆಯನ್ನು ಹೊಗಳಲು ನನ್ನ ಬಳಿ ಪದಗಳಿಲ್ಲ. ತಮ್ಮ ಕೃಪೆಯಿಂದ ಕೇರಿಯ ಹುಂಜವೊಂದು ಬೆಳಗು ಯಾವುದೆಂದು ತಿಳಿಯದೆ ಈಗ ಬೇಸರವಾದಾಗ ಕೂಗುತ್ತದೆ.

ಟ್ರೈಪಾಡ್ ಹೊತ್ತು ತೆಂಕಕ್ಕೆ ಹೋದೆ, ತಾವು ಕಂಡಿರಿ. ಬಡಗಕ್ಕೆ ಹೋದೆ, ಕಂಡಿರಿ. ಮಗುಚಿಹಾಕಿದ ದೋಣಿಯ ಮರೆಯಲ್ಲಿ ಕೂತೆ, ದೋಣಿಯ ಅಡಿಯಿಂದಲೂ ತಾವು ಇಣುಕಿದಿರಿ. ಟಾರ್ಚು, ಕೋಲು, ಚಹಾದ ಫ್ಲಾಸ್ಕು ಹಿಡಿದು ಹಿಂದೆ ಬರುತ್ತಿದ್ದ ಬೊಮ್ಮಯ್ಯನವರು, "ಅಲ್ಲ ಮಾರಾಯ್ತಿ, ದೇವರು ಹಿಂದೆ ಬತ್ತ ಹೇಳೂದು ಕೇಳಿದ್ದೆ, ದೀಪ ಬರೂದು ಇದೇ ಮೊದಲು ಕಂಡದ್ದು" ಎಂದರು. ಆಗ ನಾನು ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ತಮ್ಮನ್ನು ಸಂಜೆಯ ಹೊತ್ತು ಆರಿಸಿಡಬೇಕೆಂದು ಒಂದು ಅರ್ಜಿ ಸಿದ್ಧಮಾಡಿ, ಕೇರಿಯವರ ಸಹಿಗಾಗಿ ಹೊರಟು, ಮೊದಲಿಗೆ ಮಂಗಲಾಳ ಬಳಿ ಹೋದೆ.

ಮಂಗಲಾಳನ್ನು ತಾವು ಬಲ್ಲಿರಿ. ತಮ್ಮ ಕಟ್ಟೆಯ ಪಕ್ಕದ ಮನೆಯವಳು, ಅಂಕೋಲೆಯ ಮೀನುಪೇಟೆಯಲ್ಲಿ ಕೂರುವವಳು. ಅವಳ ಗಂಡ ಕಿಶೋರ ಸಣ್ಣ ಎಂಜಿನ್ ದೋಣಿಯಲ್ಲಿ ಬಲೆಗೆ ಹೋಗುವವನು. ಅವಳು ಬುಟ್ಟಿಯಲ್ಲಿದ್ದ ಬಂಗಡೆಗಳನ್ನು ತಿರುಗಿಸಿ ಜೋಡಿಸುತ್ತಲೇ ನನ್ನ ಮಾತನ್ನೆಲ್ಲ ಕೇಳಿದಳು. ಆಮೇಲೆ, "ಗೋದಕ್ಕ, ನಿಂಗೆ ಮೇಲೆ ನೋಡೂಕೆ ಕತ್ತಲೆ ಬೇಕು. ನಂಗೆ ಕೆಳಗೆ ನೋಡೂಕೆ ಬೆಳಕು ಬೇಕು. ಹಾವು ಮೇಲಿಂದ ಬತ್ತದ್ಯಾ?" ಎಂದಳು. ತಾವು ಬರುವ ಮುಂಚೆ ಆ ದಾರಿಯಲ್ಲಿ ಬುಟ್ಟಿ ಹೊತ್ತು ಬರುವಾಗ ತನ್ನ ಅತ್ತೆ ಬಿದ್ದು ಸೊಂಟ ಮುರಿದುಕೊಂಡದ್ದನ್ನು ಹೇಳಿದಳು. ಕಿಶೋರ ಕಡಲಲ್ಲಿ ತಡವಾದ ದಿನ ದೂರದಿಂದ ತಮ್ಮನ್ನು ನೋಡಿಯೇ ದಡ ಹಿಡಿಯುತ್ತಾನೆ ಎಂದೂ ಹೇಳಿದಳು. ನಾನು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಬಂಗಡೆ ತೆಗೆದುಕೊಂಡು ಬಂದೆ. ತಮ್ಮ ಪರವಾಗಿ ಇಷ್ಟು ಚೆನ್ನಾಗಿ ವಾದಿಸಿದವರು ಇನ್ನೊಬ್ಬರಿರಲಾರರು. ಅವಳ ಮನೆಯ ಕಡೆಗೆ ತಾವು ಕೃತಜ್ಞತೆಯಿಂದ ಸ್ವಲ್ಪ ಬಾಗುವುದು ಉಚಿತ.

ಇನ್ನು ಮಹಾಲಯ ಅಮಾವಾಸ್ಯೆಯ ಮರುದಿನದ ಸಂಜೆಯ ವಿಚಾರ. ಮಳೆ ಹಿಂದೆ ಸರಿದಿತ್ತು, ಆಕಾಶ ತಿಕ್ಕಿ ಬೋರಲು ಹಾಕಿದ ಹಿತ್ತಾಳೆಯ ಪಾತ್ರೆಯಂತಿತ್ತು. ನಾನು ತಮ್ಮ ಬೆಳಕಿನಲ್ಲೇ ಏನಾದರೂ ಸಿಕ್ಕೀತೆಂದು ಹಟದಿಂದ ಮರಳ ಮೇಲೆ ಟ್ರೈಪಾಡ್ ನಿಲ್ಲಿಸುತ್ತಿದ್ದೆ. ಕೆಂಪು ಇನ್ನೂ ಪೂರ್ತಿ ಆರಿರಲಿಲ್ಲ, ಅಷ್ಟರಲ್ಲಿ ಊರಿಡೀ ಕರೆಂಟು ಹೋಯಿತು. ತಾವೂ ಹೋದಿರಿ.

ಮಾನ್ಯರೇ, ತಾವು ಇಲ್ಲದಿರುವುದು ಹೇಗಿರುತ್ತದೆ ಎಂಬುದು ತಮಗೆ ತಿಳಿಯುವ ಅವಕಾಶವೇ ಇಲ್ಲ, ಆದ್ದರಿಂದ ಹೇಳುತ್ತೇನೆ. ಮೊದಲು ಒಂದೊಂದಾಗಿ ಬಂದವು, ಮದುವೆಯ ಊಟಕ್ಕೆ ಮೊದಲು ಬರುವ ಸಂಕೋಚದವರಂತೆ. ಆಮೇಲೆ ಎಲ್ಲಿಂದಲೋ ಬಸ್ಸು ಬಂದು ನಿಂತಂತೆ ಒಟ್ಟಿಗೆ ಇಳಿದವು. ಚೇಳಿನ ಬಾಲ ನೈಋತ್ಯದ ನೀರಿಗೆ ಇನ್ನೇನು ತಾಗುವಂತೆ ಬಾಗಿತ್ತು. ಅದರ ಪಕ್ಕದಿಂದ ಎದ್ದು, ಕಡಲಿನಲ್ಲಿ ಯಾರೋ ಒಲೆ ಹೊತ್ತಿಸಿದ ಹೊಗೆಯಂತೆ, ಆಕಾಶಗಂಗೆ ನನ್ನ ನೆತ್ತಿಯ ಮೇಲೆ ಹಾದು ನಮ್ಮ ಮನೆಯ ಮಾಡಿನ ಕಡೆಗೇ ಹೋಗುತ್ತಿತ್ತು. ಪ್ರೇಕ್ಷಾ ಹೇಳಿದ್ದು ಸುಳ್ಳಲ್ಲ. ನನ್ನ ಬಾಯಿಂದ ಏನು ಶಬ್ದ ಹೊರಟಿತೋ ತಿಳಿಯದು, ಬೊಮ್ಮಯ್ಯನವರು ಹಾವು ಎಂದುಕೊಂಡು ಕೋಲು ಎತ್ತಿದರು. ಹಾವಲ್ಲ, ಮೇಲೆ ನೋಡಿ ಎಂದೆ. ಅವರು ನೋಡಿದರು, ಕೋಲನ್ನು ಎತ್ತಿಕೊಂಡೇ ನೋಡಿದರು, ಇಳಿಸುವುದನ್ನು ಮರೆತರು. ನಾನು ಚಪ್ಪಲಿ ಬಿಟ್ಟು ಟ್ರೈಪಾಡಿನ ಸುತ್ತ ಒಂದು ಸುತ್ತು ಕುಣಿದದ್ದನ್ನು ಕತ್ತಲಿದ್ದದ್ದರಿಂದ ಯಾರೂ ನೋಡಲಿಲ್ಲವೆಂದು ನಂಬಿದ್ದೇನೆ. ಫೋಟೋದ ಮೇಲೆ ಫೋಟೋ ತೆಗೆದೆ.

ಆಗ ಮರಳಿನ ಮೇಲೆ ಜನ ಸೇರುತ್ತಿರುವುದು ಗೊತ್ತಾಯಿತು. ಅವರು ಮೇಲೆ ನೋಡುತ್ತಿರಲಿಲ್ಲ. ಎಲ್ಲರೂ ದೋಣಿಗಳು ಬರುವ ಬಡಗಿನ ಬೇಲೆಕೇರಿಯ ಕಡೆಗೆ, ಕಡಲಿನತ್ತ ಮುಖ ಮಾಡಿ ನಿಂತಿದ್ದರು. ಮುಂದೆ ಮಂಗಲಾ ಇದ್ದಳು. ಕಿಶೋರ ಮತ್ತು ಅವನ ಜೊತೆಯ ಮಾದು ಕತ್ತಲಾಗುವ ಮೊದಲೇ ಬರಬೇಕಿತ್ತು, ಬಂದಿರಲಿಲ್ಲ, ಫೋನು ತಾಗುತ್ತಿರಲಿಲ್ಲ. "ದೀಪನೂ ಇಲ್ಲ ಗೋದಕ್ಕ. ಅಂವ ಯಾವ್ದನ್ನ ಹಿಡ್ದು ಬರ್ಬೇಕು?" ಎಂದು ಕೇಳಿದಳು. ಅವಳು ಅಳುತ್ತಿರಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಆಗತಾನೇ ಕುಣಿದ ನನ್ನ ಕಾಲುಗಳಿಗೆ ಮರಳು ತಣ್ಣಗೆ ಹತ್ತಿತು. ಜೀವಮಾನದಲ್ಲಿ ಮೊದಲ ಸಲ ನಾನು ತಮ್ಮ ಕಡೆ ತಿರುಗಿ, ಮನಸ್ಸಿನಲ್ಲೇ, ದಯವಿಟ್ಟು ಬನ್ನಿ ಎಂದೆ. ತಾವು ಬರಲಿಲ್ಲ.

ಮಾಡಲು ಬೇರೇನೂ ತೋಚದೆ ಕ್ಯಾಮೆರಾ ಬಿಚ್ಚಿಡಲು ಹೋದೆ. ಪರದೆಯ ಮೇಲೆ ಕೊನೆಯ ಚಿತ್ರ ಇನ್ನೂ ಇತ್ತು. ಅದರ ಅಂಚಿನಲ್ಲಿ, ತೆಂಕು ಬದಿಯ ಕರಿಬಂಡೆಯ ಹತ್ತಿರ, ಹಳದಿ ಬಣ್ಣದ ಚಿಕ್ಕ ಗೀಚು. ನಕ್ಷತ್ರ ಅಲುಗಿದೆ ಎಂದುಕೊಂಡೆ. ನನ್ನ ಟ್ರೈಪಾಡಿನ ಇತಿಹಾಸ ತಮಗೆ ಗೊತ್ತೇ ಇದೆ. ಆದರೆ ಉಳಿದ ನಕ್ಷತ್ರಗಳು ಸಾಸಿವೆಕಾಳಿನಂತೆ ದುಂಡಗೇ ಇದ್ದವು. ಅದರ ಹಿಂದಿನ ಚಿತ್ರ ನೋಡಿದೆ, ಅದರಲ್ಲೂ ಗೀಚಿತ್ತು, ಸ್ವಲ್ಪ ಬೇರೆ ಜಾಗದಲ್ಲಿ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ ಬೊಮ್ಮಯ್ಯನವರು, "ಎಂತದೇ ಇದು? ನಕ್ಷತ್ರ ಬಂಡೆ ಮುಂದೆ ಬತ್ತದ್ಯಾ?" ಎಂದರು.

ಬರುವುದಿಲ್ಲ, ಮಾನ್ಯರೇ. ನಕ್ಷತ್ರ ಎಷ್ಟೇ ಸಲಿಗೆಯದಾದರೂ ಬಂಡೆಯ ಮುಂದೆ ಬಂದು ನಿಲ್ಲುವುದಿಲ್ಲ.

ಮಂಗಲಾಳನ್ನು ಕರೆದು ಪರದೆ ತೋರಿಸಿದೆ. ಗೀಚನ್ನು ದೊಡ್ಡದು ಮಾಡಿದಾಗ ಅದು ಒಂದರೊಳಗೊಂದು ಸುತ್ತಿದ ಉಂಗುರಗಳಂತೆ ಕಂಡಿತು. ಅವಳು ಹೆಚ್ಚು ಹೊತ್ತು ನೋಡಲಿಲ್ಲ. "ಅಂವನೇ. ಟಾರ್ಚು ಹಂಗೇ ಸುತ್ತೂದು ಅಂವ. ಶೆಲ್ಲು ಮುಗೀತದೆ ಹೇಳಿ ಎಷ್ಟು ಬೈದ್ರೂ ಕೇಳೂದಿಲ್ಲ" ಎಂದಳು. ಎಲ್ಲರೂ ಬೇಲೆಕೇರಿಯ ಕಡೆ ನೋಡುತ್ತಿದ್ದಾಗ ದೋಣಿ ತೆಂಕಕ್ಕೆ ಹೋಗಿಬಿಟ್ಟಿತ್ತು. ಸಾಯುತ್ತಿದ್ದ ಟಾರ್ಚಿನ ಬೆಳಕು ಅಷ್ಟು ದೂರಕ್ಕೆ ನಮ್ಮ ಯಾರ ಕಣ್ಣಿಗೂ ತಾಗಿರಲಿಲ್ಲ. ಬೊಮ್ಮಯ್ಯನವರು ಪಂಚೆ ಎತ್ತಿ ಕಟ್ಟಿ ಕೇರಿಯಲ್ಲಿ ಇನ್ನೊಂದು ದೋಣಿಯಿದ್ದ ಸೋಮುವಿನ ಮನೆಗೆ ಓಡಿದರು. ಮದುವೆಯಾದ ಮೇಲೆ ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಓಟ ಚೆನ್ನಾಗಿಯೇ ಇತ್ತು. ಸೋಮು ತನ್ನ ದೋಣಿ ನೀರಿಗಿಳಿಸಿ ಕರಿಬಂಡೆಯ ದಿಕ್ಕಿಗೆ ಹೋದ. ನಾನು ಆ ದಿಕ್ಕಿಗೆ ಮತ್ತೆ ಮತ್ತೆ ಶಟರ್ ತೆರೆದು, ಗೀಚು ಎಲ್ಲಿದೆ ಎಂದು ಹೇಳುತ್ತಿದ್ದೆ. ಮಂಗಲಾ ಅದನ್ನು ಫೋನಿನಲ್ಲಿ ಸೋಮುವಿಗೆ ಕೂಗಿ ದಾಟಿಸುತ್ತಿದ್ದಳು. ಫೋನಿಲ್ಲದಿದ್ದರೂ ಅವನಿಗೆ ಕೇಳಿಸುತ್ತಿತ್ತು.

ಬಲೆ ನೀರೊಳಗೆ ತಿರುಗುವ ಎಂಜಿನ್ ಫ್ಯಾನಿಗೆ ಸುತ್ತಿಕೊಂಡು ದೋಣಿ ನಿಂತುಬಿಟ್ಟಿತ್ತು, ಸೆಳವು ಅದನ್ನು ಬಂಡೆಯ ಕಡೆಗೇ ಒಯ್ಯುತ್ತಿತ್ತು. ಕಲ್ಲಿಗೆ ತಾಗುವ ಮೊದಲೇ ಸೋಮು ಹಗ್ಗ ಎಸೆದ. ಎರಡೂ ದೋಣಿಗಳು ಒಂದರ ಹಿಂದೊಂದು ದಡದ ಕಡೆ ತಿರುಗಿದವು ಎಂದು ಅವನು ಫೋನಿನಲ್ಲಿ ಹೇಳಿದಾಗ ಮಂಗಲಾ ಮೊದಲ ಸಲ ಮರಳಿನ ಮೇಲೆ ಕೂತಳು. ನಾನು ಕಣ್ಣೊರೆಸಿಕೊಂಡು, ಆಕಾಶಗಂಗೆಯ ಕೆಳಗೆ ದೋಣಿಗಳು ಬರುವ ಚಿತ್ರವೊಂದು ಸಿಕ್ಕರೆ ಜನ್ಮ ಸಾರ್ಥಕವೆಂದು ಕ್ಯಾಮೆರಾ ತಿರುಗಿಸಿ, ಫೋಕಸ್ ಸರಿಮಾಡಿ, ಶಟರ್ ತೆರೆದೆ.

ಆ ಗಳಿಗೆಯನ್ನೇ ಆರಿಸಿಕೊಂಡು ತಾವು ದಯಮಾಡಿಸಿದಿರಿ.

ಮರಳಿನ ಮೇಲಿದ್ದವರೆಲ್ಲ ಹೋ ಎಂದರು. ದೋಣಿಯಲ್ಲಿದ್ದವರೂ ಹೋ ಎಂದರು. ನನ್ನ ಚಿತ್ರ ಸುಣ್ಣ ಬಳಿದ ಗೋಡೆಯಾಯಿತು. ದಡಕ್ಕೆ ಇಳಿದ ಕಿಶೋರ ನೀರು ಕುಡಿದು ಹೇಳಿದ ಮೊದಲ ಮಾತು, "ದೀಪ ಹತ್ತಿತು ನೋಡು, ಜೀವ ಬಂತು" ಎಂದು. ಅಷ್ಟೇ ಸಾಕಾಯಿತು. ಮಾರನೆಯ ಬೆಳಿಗ್ಗೆ ಕೇರಿಯವರು ತಮ್ಮ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಬ್ಬಲಿಗೆಯ ದಂಡೆ ಸುತ್ತಿ, ಊದುಬತ್ತಿ ಸಿಕ್ಕಿಸಿ, ಕಾಯಿ ಒಡೆದರು. ಕೆಲಸ ನಡೆಯುತ್ತಿದ್ದಷ್ಟು ಹೊತ್ತೂ ಗೈರುಹಾಜರಾಗಿದ್ದು, ಎಲ್ಲ ಮುಗಿದ ಮೇಲೆ ಬಂದು, ಹಾರ ಹಾಕಿಸಿಕೊಳ್ಳುವ ಕಲೆಯನ್ನು ನಾನು ನನ್ನ ಕಚೇರಿಯಲ್ಲಿ ಹಲವು ಹಿರಿಯರಲ್ಲಿ ಕಂಡಿದ್ದೇನೆ. ಒಂದು ಕಂಬದಲ್ಲಿ ಕಂಡದ್ದು ಇದೇ ಮೊದಲು. ಕಾಯಿಯ ಒಂದು ಹೋಳು ನಮ್ಮ ಮನೆಗೂ ಬಂತು. ತಮ್ಮ ಪ್ರಸಾದದ ಚಟ್ನಿ ಚೆನ್ನಾಗಿತ್ತು.

ಬಂಡೆಯ ಮುಂದೆ ಗೀಚಿರುವ ಆ ಚಿತ್ರವನ್ನು ನಾನು ಆಕಾಶದ ಫೋಟೋ ತೆಗೆಯುವವರ ಒಂದು ವಾಟ್ಸಾಪ್ ಗುಂಪಿಗೆ ಕಳಿಸಿದೆ. ಹೊಸಬರ ಪ್ರಯತ್ನ ಚೆನ್ನಾಗಿದೆ, ಆದರೆ ಬಂಡೆಯ ಬಳಿಯ ಹಳದಿ ಕಲೆ ಕಣ್ಣಿಗೆ ಅಡ್ಡಬರುತ್ತದೆ, ಅಳಿಸಿಬಿಡಿ ಎಂದು ಬಲ್ಲವರೊಬ್ಬರು ಸಲಹೆ ಕೊಟ್ಟರು. ಮಂಗಲಾಳಿಗೆ ಇದನ್ನು ಓದಿ ಹೇಳಿದೆ. "ಅಳ್ಸಿಬಿಡೂ ಅನ್ನಿಸ್ತದೆ ಒಂದೊಂದ್ಸಲ, ನಂಗೂ" ಎಂದು ಗಂಡನ ಕಡೆ ನೋಡಿದಳು. ಕಿಶೋರ ಚಹಾ ಊದುತ್ತ ಕೂತಿದ್ದ.

ಅದೇ ಕಿಶೋರ ಮುಂದಿನ ಅಮಾವಾಸ್ಯೆಯ ಸಂಜೆ ದೋಣಿ ತಂದು ನಿಲ್ಲಿಸಿ, "ಗೋದಕ್ಕ, ಹತ್ತಿ" ಎಂದ. ಗುಡ್ಡದ ಮೂಗನ್ನು ಸುತ್ತಿದರೆ ಆಚೆಗೆ ಒಂದು ಪುಟ್ಟ ಕಡಲತಡಿ. ನಡುವೆ ಗುಡ್ಡ ಅಡ್ಡವಿರುವುದರಿಂದ ಅಲ್ಲಿ ತಮ್ಮ ಮುಖಗಳಲ್ಲಿ ಒಂದೂ ಕಾಣುವುದಿಲ್ಲ. ನಾನು, ಬೊಮ್ಮಯ್ಯನವರು, ಮಂಗಲಾ, ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ, ಎಲ್ಲರೂ ಹೋದೆವು. ಅಲ್ಲಿ ಇಳಿದು ನಾನು ಈ ಸಲ ಅಳುಕಿನ ಲವಲೇಶವೂ ಇಲ್ಲದೆ ಕುಣಿದೆ, ಮಂಗಲಾಳೂ ಕುಣಿದಳು, ಕಾರಣ ಕೇಳಲಿಲ್ಲ. ಆಕಾಶದ ಕೆಳಗೆ ಅವಳನ್ನು ಕೂರಿಸಿ, ಇಪ್ಪತ್ತು ಸೆಕೆಂಡು ಅಲುಗಬೇಡ ಎಂದೆ. ಮೀನುಪೇಟೆಯಲ್ಲಿ ಇಷ್ಟು ವರ್ಷ ಕಳೆದವಳಿಗೆ ಇದು ಸಾಧ್ಯವಿಲ್ಲದ ಮಾತು. ಚಿತ್ರದಲ್ಲಿ ಆಕಾಶಗಂಗೆ ಒಂದೊಂದು ಕಾಳೂ ಎಣಿಸುವಂತೆ ಬಂದಿದೆ. ಅದರ ಕೆಳಗೆ ಮೂರು ತಲೆಯ, ಅವಲಕ್ಕಿ ತಿನ್ನುತ್ತಿರುವ, ಪಾರದರ್ಶಕ ಮಂಗಲಾ ಇದ್ದಾಳೆ. ನನ್ನ ಕೈಯಿಂದ ಬಂದ ಮೊದಲ ನಿಜವಾದ ಚಿತ್ರ ಅದು. ಅವಳ ಮನೆಯ ಗೋಡೆಯಲ್ಲಿ ಈಗ ದೇವರ ಪಟಗಳ ಸಾಲಿನಲ್ಲಿದೆ, ಬಂದವರು ಯಾವ ದೇವಿ ಎಂದು ಕೇಳುತ್ತಾರಂತೆ.

ಆ ಚಿತ್ರದ ಒಂದು ಮೂಲೆಯಲ್ಲಿ, ಗುಡ್ಡದ ನೆತ್ತಿಯ ಮೇಲೆ, ಉಕ್ಕಿಬರುವ ಹಾಲಿನಂಥ ಒಂದು ಬೆಳ್ಳನೆಯ ಪ್ರಭೆ ಇದೆ. ಅದು ತಾವು. ಗುಡ್ಡ ಅಡ್ಡವಿದ್ದರೂ ಬಿಡದೆ ಹಾಜರಿ ಹಾಕಿದ್ದೀರಿ.

ಆದ ಕಾರಣ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ತಾವು ಆರಬೇಕೆಂದು ನಾನು ಇನ್ನೆಂದೂ ಕೇಳುವುದಿಲ್ಲ. ಮಂಗಲಾ ಕೆಳಗೆ ನೋಡಬೇಕು, ಕಿಶೋರ ದೂರದಿಂದ ನೋಡಬೇಕು. ಆದರೆ ತಾವು ಕೊಂಚ ತಲೆ ತಗ್ಗಿಸಬಹುದಲ್ಲವೇ? ನಮ್ಮ ಹೊಲದ ಬೆದರುಗೊಂಬೆಯೂ ಬಿಸಿಲಿಗೆ ಟೊಪ್ಪಿ ಹಾಕಿಕೊಳ್ಳುತ್ತದೆ. ತಮ್ಮ ಪ್ರತಿಯೊಂದು ಮುಖಕ್ಕೂ ಒಂದು ತಗಡಿನ ಟೊಪ್ಪಿ ಹಾಕಿಸಿಕೊಂಡರೆ ದಾರಿಗೆ ಬೆಳಕು ಹೆಚ್ಚೇ ಆಗುತ್ತದೆ, ದೇವಲೋಕಕ್ಕೆ ಮಾತ್ರ ಕಡಿಮೆಯಾಗುತ್ತದೆ, ಅವರ ಬಳಿ ಸ್ವಂತದ್ದು ಸಾಕಷ್ಟಿದೆ. ಇದು ಕಷ್ಟವಾದರೆ ತಮ್ಮ ಬೆಳಕು ತೆಂಗಿನ ಮರದ ಎತ್ತರಕ್ಕೆ ಬಂದ ಕೂಡಲೇ ಹಿಂತಿರುಗುವಂತೆ ಅದಕ್ಕೆ ಬುದ್ಧಿ ಹೇಳಬೇಕು. ಅದೂ ಕಷ್ಟವಾದರೆ ನಾನು ಶಟರ್ ತೆರೆದ ಹೊತ್ತು ಮಾತ್ರ ಉಸಿರು ಬಿಗಿಹಿಡಿಯಬೇಕು. ಅಭ್ಯಾಸ ಮಾಡಿಸಲು ನಾನು ಸಿದ್ಧಳಿದ್ದೇನೆ. ಟೊಪ್ಪಿಯ ಅರ್ಜಿಗೆ ಈ ಸಲ ಮಂಗಲಾಳೇ ಮೊದಲ ಸಹಿ ಹಾಕಿದ್ದಾಳೆ, ಕೇರಿಯ ಉಳಿದವರೂ ಹಾಕಿದ್ದಾರೆ, ಹುಂಜದ ಮನೆಯವರಂತೂ ಎರಡು ಸಲ ಹಾಕಿದ್ದಾರೆ.

ತಮ್ಮ ಹೊಳಪು ಹೆಚ್ಚುತ್ತಲೇ ಇರಲಿ, ಆದರೆ ಕೆಳಮುಖವಾಗಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಗೋದಾವರಿ ಬೊಮ್ಮಯ್ಯ ನಾಯಕ
ಭಾವಿಕೇರಿ

ಮರೆತ ಮಾತು: ಇದೇ ವಿಷಯವಾಗಿ ಚಂದ್ರ ಮಹಾಶಯರಿಗೂ ಒಂದು ಪತ್ರ ಬರೆಯಲು ಕೂತಿದ್ದೆ. ಆದರೆ ಅವರು ಯುಗಯುಗಗಳ ಸೇವಾ ಹಿರಿತನವಿದ್ದರೂ ದಿನಕ್ಕಿಷ್ಟು ಎಂದು ಸಣ್ಣಗಾಗುತ್ತ ಹೋಗಿ, ತಿಂಗಳಿಗೊಮ್ಮೆಯಾದರೂ ಉಳಿದವರಿಗೆ ಹೊಳೆಯಲು ಜಾಗ ಬಿಟ್ಟುಕೊಡುತ್ತಾರೆಂದು ನೆನಪಾಗಿ, ಕಾಗದವನ್ನು ತಿರುಗಿಸಿ ತಮ್ಮ ಹೆಸರಿಗೆ ಬರೆದೆ.